ಉಸಿರಿಗಾಗಿ ಹಾಡುವವರಿಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ: ಕೊಳ್ಳಬೇಕೇ?

ಕಛೇರಿ ಕೊಡುವ ಆಸೆಯಿಲ್ಲ, ಉಸಿರು ನಿಡಿದಾಗಲಿ, ಮನಸ್ಸು ಹಗುರಾಗಲಿ ಎಂದು ಅರವತ್ತರ ಮೇಲೆ ಹಾಡಲು ಕೂರುವವರಿಗೆ ಮೊದಲು ಬೇಕಾದದ್ದು ಶ್ರುತಿ, ಎಂದರೆ ಹಾಡಿನುದ್ದಕ್ಕೂ ಹಿಂದೆ ಮೊಳಗುವ ಆಧಾರನಾದ. ಫೋನಿನಲ್ಲಿ ಶ್ರುತಿ ಕೊಡುವ ಆ್ಯಪ್ ಪುಕ್ಕಟೆ ಸಿಗುವಾಗ ಪೆಟ್ಟಿಗೆ ಯಾಕೆ? ಕೆಳಗಿನ ನಾದಕ್ಕಾಗಿ. ಗಂಡಸರು ಒಂದನೇ ಮನೆಯಲ್ಲಿ (ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಹೇಳುವ ಶ್ರುತಿಯ ಮಟ್ಟವೇ ಮನೆ) ಹಾಡುವ ಷಡ್ಜ, ಅಂದರೆ ‘ಸಾ’, ಸುಮಾರು 131 ಹರ್ಟ್ಜ್. ಫೋನಿನ ಪುಟ್ಟ ಸ್ಪೀಕರಿನಲ್ಲಿ ಅದು ಬಹುಮಟ್ಟಿಗೆ ಸೋರಿಹೋಗಿ ಮೇಲಿನ ಕೀರಲು ಉಳಿಯುತ್ತದೆ. ಅದರ ಜೊತೆ ಹಾಡುವವರು ತಮಗೇ ಗೊತ್ತಾಗದೆ ದನಿ ಏರಿಸಿ ಗಂಟಲು ಬಿಗಿಹಿಡಿಯುತ್ತಾರೆ.

ಬೆಂಗಳೂರಿನ ರಾಡೆಲ್ ಮಾದರಿಯ ಪೆಟ್ಟಿಗೆಗಳಲ್ಲಿ ಈ ಕೊರತೆಯಿಲ್ಲ; ಸ್ಪೀಕರಿಗೆ ಜಾಗವಿದೆ, ನಾದ ತುಂಬಿಕೊಂಡು ಬರುತ್ತದೆ. ಅಂಗಡಿಯಲ್ಲಿ ಪರೀಕ್ಷಿಸುವಾಗ ಶ್ರುತಿಯನ್ನು ಪೂರ್ತಿ ಕೆಳಗಿಳಿಸಿ, ದನಿಯನ್ನು ಅರ್ಧಕ್ಕಿಟ್ಟು ಕೇಳಿ. ಗರಗರ ಸದ್ದು ಬಂದರೆ ಬೇಡ. ‘ಸಾ’ ಜೊತೆಗೆ ಮೊಳಗುವ ಸ್ವರವನ್ನು ಪಂಚಮದಿಂದ (ಪ) ಮಧ್ಯಮಕ್ಕೆ (ಮ) ಬದಲಿಸುವ ಸ್ವಿಚ್ ಇರಲಿ. ಪಂಚಮವಿಲ್ಲದ ಹಿಂದೋಳದಂಥ ರಾಗಕ್ಕೆ ಅದು ಬೇಕೇ ಬೇಕು. ಗುಂಡಿಯ ಸುತ್ತಲಿನ ಅಂಕಿ ಕನ್ನಡಕವಿಲ್ಲದೆ ಕಾಣುತ್ತದೆಯೇ ಎಂಬುದನ್ನೂ ನೋಡಿ, ವಯಸ್ಸಾದವರು ಪೆಟ್ಟಿಗೆಯನ್ನು ಮೂಲೆಗಿಡುವುದು ಇಂಥ ಸಣ್ಣ ತೊಡಕಿಗೇ.

ಗಂಡಸರಿಗೆ ಒಂದರಿಂದ ಎರಡು, ಹೆಂಗಸರಿಗೆ ಐದರಿಂದ ಆರು ಮನೆ ವಾಡಿಕೆ. ಆರೋಗ್ಯಕ್ಕಾಗಿ ಹಾಡುವವರು ಅದಕ್ಕೂ ಅರ್ಧ ಮನೆ ಇಳಿಸುವುದೇ ಲೇಸು. ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತು, ಪಾದ ನೆಲಕ್ಕೂರಿ, ಮೂಗಿನಿಂದ ಉಸಿರೆಳೆದು ಐದು ಸಲ ‘ಸಾ’ ಹಿಡಿಯಿರಿ. ಆಮೇಲೆ ಮೊದಲ ಸರಳೆ ವರಸೆ, ಎಂದರೆ ‘ಸರಿಗಮಪದನಿಸ’ ಏರಿ ಇಳಿಯುವ ಮೊದಲ ಪಾಠ, ಅಕ್ಷರಕ್ಕೊಂದು ಸೆಕೆಂಡಿನಂತೆ. ಎಂಟು ಅಕ್ಷರದ ಆದಿತಾಳದ ಒಂದು ಆವರ್ತ, ಎಂದರೆ ಒಂದು ಸುತ್ತು, ಎಂಟು ಸೆಕೆಂಡ್: ಏರುವ ಆರೋಹಣಕ್ಕೆ ಒಂದು ಉಸಿರು, ಇಳಿಯುವ ಅವರೋಹಣಕ್ಕೆ ಇನ್ನೊಂದು. ಸಾಲದಿದ್ದರೆ ತಾಳದ ಮೊದಲ ನಾಲ್ಕು ಅಕ್ಷರದ ಭಾಗವಾದ ಲಘು ಮುಗಿದಲ್ಲಿ, ‘ಸರಿಗಮ’ ಆದಮೇಲೆ, ಉಸಿರು ತೆಗೆದುಕೊಳ್ಳಿ. ‘ಪ’, ‘ದ’ ಸ್ವರಗಳ ನಡುವೆ ಉಸಿರು ತುಂಡಾದರೆ ಲಯವೂ ಹೋಗುತ್ತದೆ, ಏದುಸಿರೂ ಬರುತ್ತದೆ. ಮೊದಲ ವಾರ ಹತ್ತು ನಿಮಿಷ ಸಾಕು.

ಉಸಿರೆಳೆದಾಗ ಭುಜ ಏರಿದರೆ ಹೊಟ್ಟೆ ಕೆಲಸ ಮಾಡುತ್ತಿಲ್ಲ. ಅಂಗೈಯನ್ನು ಹೊಕ್ಕುಳ ಮೇಲಿಟ್ಟರೆ ತಿಳಿಯುತ್ತದೆ. ತಲೆ ಹಗುರಾದರೆ ಗಾಳಿಯನ್ನು ಅತಿಯಾಗಿ ತುಂಬಿಕೊಂಡಿದ್ದೀರಿ, ನಿಲ್ಲಿಸಿ. ಪೆಟ್ಟಿಗೆಯ ದನಿ ಹೆಚ್ಚಿಟ್ಟರೆ ಅದರ ಮೇಲೆ ಕೂಗುವ ಚಟ ಬೀಳುತ್ತದೆ. ನಿಮ್ಮ ದನಿಯ ಅಡಿಯಲ್ಲಿ ಅದು ಕೇಳಿಸುವಷ್ಟಿರಲಿ. ಹೊಟ್ಟೆಯ ಶಸ್ತ್ರಚಿಕಿತ್ಸೆ ಈಚೆಗೆ ಆಗಿದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಿ.

ಎಷ್ಟು ಫಲ ನಿರೀಕ್ಷಿಸಬಹುದು? ಕೋವಿಡ್ ನಂತರವೂ ಏದುಸಿರು ಉಳಿದವರಿಗಾಗಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾ ಅಲ್ಲಿನ ವೈದ್ಯರ ಜೊತೆ ಆನ್‌ಲೈನ್‌ನಲ್ಲಿ ಆರು ವಾರ ಹಾಡು, ಉಸಿರಾಟ ಕಲಿಸಿತು. ಬಳಸಿದ್ದು ಲಾಲಿಹಾಡುಗಳನ್ನು. 150 ಜನರ ಮೇಲೆ ನಡೆಸಿದ ಆ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು: ಮನಸ್ಸಿನ ಆರೋಗ್ಯದ ಅಳತೆ ಸುಧಾರಿಸಿತ್ತು, ಓಡುವಾಗಿನ ಏದುಸಿರು ಕಡಿಮೆಯಾಗಿತ್ತು, ದೈಹಿಕ ಆರೋಗ್ಯದ ಒಟ್ಟು ಅಳತೆಯಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಹಾಡು ಇನ್‌ಹೇಲರ್ ಬಿಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮನೆಯಲ್ಲಿ ಒಳ್ಳೆಯ ಬ್ಲೂಟೂತ್ ಸ್ಪೀಕರ್ ಇದ್ದರೆ ಆ್ಯಪನ್ನು ಅದಕ್ಕೇ ಜೋಡಿಸಿ, ಪೆಟ್ಟಿಗೆಯ ಖರ್ಚು ಉಳಿಯುತ್ತದೆ. ಫೋನ್ ಬಳಸಲು ತಡಕಾಡುವ ಹಿರಿಯರಿಗೆ ಪೆಟ್ಟಿಗೆಯೇ ಸರಿ: ಗುಂಡಿ ತಿರುಗಿಸಿದರೆ ಶ್ರುತಿ ಬರುತ್ತದೆ.