ಹೀಬ್ರೂ ಬೈಬಲಿನ ಜಮೀನು: ಯಾಜಕಕಾಂಡವೋ, ಯೆರೆಮೀಯನೋ, ರೂತಳೋ?

ಯೆಹೂದ್ಯರ ಧರ್ಮಗ್ರಂಥವಾದ ಹೀಬ್ರೂ ಬೈಬಲಿನಲ್ಲಿ ಜಮೀನಿನ ವಿಷಯ ತಿಳಿಯಲು ಎಲ್ಲಿಂದ ಓದಬೇಕು ಅಂತ ಕೇಳಿದ್ದೀರಿ. ಯಾಜಕಕಾಂಡ, ಯೆರೆಮೀಯ, ರೂತಳು ಅದರೊಳಗಿನ ಮೂರು ಪುಸ್ತಕಗಳು. ಕಾನೂನು ಬೇಕಿದ್ದರೆ ಯಾಜಕಕಾಂಡದ 25ನೇ ಅಧ್ಯಾಯ. ಅಲ್ಲಿ ಭೂಮಿ ದೇವರದ್ದು, ಶಾಶ್ವತವಾಗಿ ಮಾರುವಂತಿಲ್ಲ. ಮಾರಿದರೂ ಪ್ರತಿ 50ನೇ ವರ್ಷ ಬಂದಾಗ ಹಳೇ ಮನೆತನಕ್ಕೇ ವಾಪಸ್. ಹಾಗಾಗಿ ಬೆಲೆ ಕಟ್ಟುವುದು ಅಲ್ಲಿಯವರೆಗಿನ ಬೆಳೆಗಳ ಲೆಕ್ಕದಲ್ಲಿ. ಒಂಥರಾ ಗುತ್ತಿಗೆ ಅಲ್ವಾ? ಓದು ಮಾತ್ರ ಸ್ವಲ್ಪ ನಿಧಾನ.

ಖರೀದಿ ಹೇಗೆ ನಡೆಯುತ್ತಿತ್ತು ಅಂತ ನೋಡಲು ಯೆರೆಮೀಯ 32 ವಾಸಿ. ಜೆರುಸಲೇಮಿಗೆ ಮುತ್ತಿಗೆ ಬಿದ್ದಿರುವಾಗಲೇ ಪ್ರವಾದಿ ಯೆರೆಮೀಯ ಅನಾತೋತ್ ಅನ್ನೋ ಊರಿನ ಹೊಲಕ್ಕೆ 17 ಶೆಕೆಲ್ (ಹಳೇ ಕಾಲದ ತೂಕ) ಬೆಳ್ಳಿ ತೂಗಿ ಕೊಡುತ್ತಾನೆ. ಸಾಕ್ಷಿಗಳು ರುಜು ಹಾಕುತ್ತಾರೆ. ಮುದ್ರೆ ಒತ್ತಿದ ಪತ್ರ, ತೆರೆದ ಪತ್ರ ಎರಡೂ ಮಣ್ಣಿನ ಮಡಕೆಗೆ. ನನಗೆ ಇದೇ ಜಾಸ್ತಿ ಇಷ್ಟ.

ಸಮಯ ಕಡಿಮೆಯಿದ್ದು ಕಥೆಯೇ ಬೇಕಿದ್ದರೆ ರೂತಳ 4ನೇ ಅಧ್ಯಾಯ. ಊರಬಾಗಿಲಲ್ಲಿ ಹಿರಿಯರ ಮುಂದೆ ಕೆರ ಬಿಚ್ಚಿಕೊಟ್ಟರೆ ಜಮೀನು ಕೊಳ್ಳುವ ಹಕ್ಕು ಬಿಟ್ಟ ಹಾಗೆ.