7 ಎಂಎಂ ಕಾರ್ಡ್ (ಸಪುರ ಹಗ್ಗ): ಗಂಟು ಚೆನ್ನಾಗಿ ಕೂರುತ್ತದೆ, ಉದ್ದ ಮಾತ್ರ ಸಾಲದು

ಬಂಡೆ ಹತ್ತುವಾಗ ಆ್ಯಂಕರ್ (ಬಂಡೆಗೆ ಹೊಡೆದ ಬೋಲ್ಟ್‌ಗಳನ್ನು ಸೇರಿಸಿ ನಮ್ಮ ಭಾರ ಹೊರುವ ಆಧಾರ) ಕಟ್ಟಲು ಅಂತ ಈ ನೈಲಾನ್ ಕಾರ್ಡ್ ತರಿಸಿದ್ದು ಕಳೆದ ಜೂನ್‌ನಲ್ಲಿ. 7 ಎಂಎಂ ದಪ್ಪ, 5 ಮೀಟರ್ ಉದ್ದ. ಮಲ್ಪೆಯ ನಮ್ಮ ಮನೆಗೆ ಪಾರ್ಸೆಲ್ ಬಂದಾಗ ಮಾವ ಇದ್ದರು. ಮಳೆಗಾಲದ ಮೀನುಗಾರಿಕೆ ನಿಷೇಧದ ಆ 61 ದಿನ ಬೋಟು ಕಡಲಿಗೆ ಇಳಿಯುವಂತಿಲ್ಲ ಅಲ್ವಾ. "ಇಷ್ಟು ಸಪುರ ಹಗ್ಗಕ್ಕೆ ಇಷ್ಟು ದುಡ್ಡಾ? ಬೋಟಿನ ಹಗ್ಗ ಇತ್ತಲ್ಲ ಮಾರಾಯ" ಅಂದರು.

ಬೋಟಿನ ಪಾಲಿಪ್ರೊಪಿಲೀನ್ ಹಗ್ಗ ನೀರಲ್ಲಿ ತೇಲುತ್ತದೆ, ಅವರಿಗೆ ಅದೇ ಬೇಕು. ಆದರೆ ಉಜ್ಜಿ ಬಿಸಿಯಾದರೆ ನೈಲಾನ್‌ಗಿಂತ ಬೇಗ ಕರಗುತ್ತದೆ, ಬಿಸಿಲಿಗೆ ಬೇಗ ಹಾಳಾಗುತ್ತದೆ. ದಯವಿಟ್ಟು ಅದನ್ನು ಬಂಡೆಗೆ ಒಯ್ಯಬೇಡಿ. ಯುರೋಪಿನ ಗುಣಮಟ್ಟವಾದ ಇಎನ್ 564 ಗುರುತಿರುವ 7 ಎಂಎಂ ಕಾರ್ಡ್ ಕನಿಷ್ಠ 9.8 ಕಿಲೋನ್ಯೂಟನ್ ತಡೆಯಬೇಕು, ಅಂದರೆ ಸುಮಾರು ಒಂದು ಟನ್. ಗಂಟು ಹಾಕಿದ ಕಡೆ ಬಲ ಇಳಿಯುತ್ತದೆ, ಅದೂ ಲೆಕ್ಕದಲ್ಲಿರಲಿ.

ಎರಡು ತುದಿ ಸೇರಿಸುವ ಡಬಲ್ ಫಿಷರ್‌ಮನ್ ಗಂಟನ್ನು ಮಾವ ನೋಡದೆಯೇ ಹಾಕಿದರು. ತುದಿ 7–8 ಸೆಂಟಿಮೀಟರ್ ಉಳಿಸಿಕೊಂಡು ನಾನೂ ಜಗಲಿಯ ಕಂಬಗಳ ನಡುವೆ ದಿನಾ ಕಟ್ಟಿ ಬಿಚ್ಚಿದೆ. ಮೊದಲು ಕಾರ್ಡ್ ಬಿರುಸಾಗಿತ್ತು. ಎಳೆಗಳು ಒಂದರ ಮೇಲೊಂದು ಏರುತ್ತಿದ್ದವು, ಗಂಟು ಸಪಾಟಾಗಿ ಕೂರುತ್ತಿರಲಿಲ್ಲ. ತಿಂಗಳು ಬೇಕಾಯಿತು ಮೆತ್ತಗಾಗಲು. ಈಗ ಕ್ಯಾರಬಿನರ್ (ಬಾಯಿ ತೆರೆಯುವ ಲೋಹದ ಕೊಂಡಿ) ಮೇಲೆ ಕ್ಲೋವ್ ಹಿಚ್ ಗಂಟು ಹಾಕಿದರೆ ಜಾರುವುದಿಲ್ಲ. ಎಳೆಗಳನ್ನೆಲ್ಲ ಸೇರಿಸಿ ಹಾಕುವ ಫಿಗರ್ ಎಯ್ಟ್ ಗಂಟು, ದಿನವಿಡೀ ಭಾರ ಬಿದ್ದರೂ ಸಂಜೆ ಸಲೀಸಾಗಿ ಬಿಚ್ಚುತ್ತದೆ. ಒಮ್ಮೆ ಅವಸರಕ್ಕೆ ಸಾದಾ ಓವರ್‌ಹ್ಯಾಂಡ್ ಗಂಟು ಹಾಕಿದ್ದೆ. ಬಿಗಿದುಕೊಂಡು ಹತ್ತು ನಿಮಿಷ ಉಗುರು ನೋಯಿಸಿತು.

ತೊಂದರೆ ಉದ್ದದ್ದು. ಡಿಸೆಂಬರ್‌ನಲ್ಲಿ ಕಾರ್ಕಳದ ಕಡೆಯ ಬಂಡೆಯಲ್ಲಿ ಮೂರು ಬೋಲ್ಟ್ ದೂರ ದೂರ ಇದ್ದವು. ಕಾರ್ಡ್ ಮೂರಕ್ಕೂ ಮುಟ್ಟಿತು, ಆದರೆ ನಡುವಿನ ಗಂಟು ಕೆಳಗೆ ಇಳಿಯಲೇ ಇಲ್ಲ, ಎಳೆಗಳ ನಡುವಿನ ಕೋನ ತುಂಬಾ ಅಗಲವಾಯಿತು. ಎರಡೇ ಬೋಲ್ಟ್ ಅಂತ ಇಟ್ಟುಕೊಂಡರೂ, ಕೋನ 60 ಡಿಗ್ರಿ ಇದ್ದರೆ ಒಂದೊಂದಕ್ಕೆ 58 ಶೇಕಡಾ ಭಾರ ಬೀಳುತ್ತದೆ. 120 ಆದರೆ ಒಂದೊಂದಕ್ಕೂ ಪೂರ್ತಿ ಭಾರ. ಹಂಚಿಕೊಳ್ಳಲಿ ಅಂತ ಕಟ್ಟಿದ್ದು ಸುಮ್ನೆ ಆಗುತ್ತದೆ. ಅವತ್ತು ಕಾರ್ಡ್ ಬಿಚ್ಚಿ, ಗೆಳೆಯನ ಉದ್ದದ ಸ್ಲಿಂಗ್ (ಹೊಲಿದ ಪಟ್ಟಿಯ ಕುಣಿಕೆ) ಹಾಕಿದೆವು.

ನಮ್ಮೂರಿನ ಉಪ್ಪುಗಾಳಿಗೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಹೊರಪದರ ಇನ್ನೂ ನುಣುಪಾಗಿದೆ. ಅದೇ ಕಾರ್ಡ್ ಈಗ 7 ಮೀಟರ್‌ನದ್ದು ತರಿಸಿದ್ದೇನೆ. ಹಳೆಯದು ಹತ್ತಿರ ಹತ್ತಿರ ಎರಡು ಬೋಲ್ಟ್ ಇರುವ ಕಡೆಗೆ ಸಾಕು.