ಕುತ್ತಿಗೆಯವರೆಗೆ ತುಂಬಿಸಿದ ಟ್ಯಾಂಕು, ಬಿಸಿಲಿಗೆ ನಿಲ್ಲಿಸಿದ ಬೈಕು

ಏಪ್ರಿಲ್, ಮೇ ತಿಂಗಳಲ್ಲಿ ಮದುವೆಗೋ ಜಾತ್ರೆಗೋ ಬೈಕಿನಲ್ಲಿ ಹೊರಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಬೆಳಗಿನ ತಂಪಿನಲ್ಲಿ ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿದೆ, ಎರಡು ಕಿಲೋಮೀಟರ್ ಓಡಿಸಿದೆ, ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ನಿಲ್ಲಿಸಿದೆ. ಸುಟ್ಟದ್ದು ನನ್ನ ಕಾಲಲ್ಲ. ಅಡುಗೆಯವರ ಜೊತೆ ಪಾತ್ರೆ ತೊಳೆಯಲು ಬಂದಿದ್ದ 19 ವರ್ಷದ ಹುಡುಗನ ಕಾಲು.

ಅಕ್ಕನ ಮಗಳ ಮದುವೆ ದಾವಣಗೆರೆಯ ಶಾಮನೂರು ರಸ್ತೆಯ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿತ್ತು. ಸೋದರಮಾವ ಎಂದ ಮೇಲೆ ಓಡಾಟವೆಲ್ಲ ನನ್ನದೇ. ಬಾಳೆಲೆ ತಂದು, ಹೂವಿನವರಿಗೆ ಹಣ ಕೊಟ್ಟು, ಎಂಟು ಗಂಟೆಯ ಹೊತ್ತಿಗೆ ಬಂಕಿಗೆ ಹೋದೆ. ಸಂಜೆ ಬೀಗರ ಕಡೆಯ ಹಿರಿಯರೊಬ್ಬರನ್ನು ಚಿತ್ರದುರ್ಗಕ್ಕೆ ಬಿಟ್ಟು ಬರಬೇಕಿತ್ತು. ಹೋಗಿ ಬರಲು 120 ಕಿಲೋಮೀಟರ್. ಮತ್ತೆ ಬಂಕಿಗೆ ನಿಲ್ಲುವುದು ಯಾಕೆ ಎಂದು ಫುಲ್ ಟ್ಯಾಂಕ್ ಹೇಳಿದೆ. ಮೀಟರು 1,140 ರೂಪಾಯಿಗೆ ನಿಂತಿತು. ನಳಿಕೆ ತಾನಾಗಿಯೇ ಕಟ್ ಎಂದು ನಿಂತದ್ದು ನನಗೂ ಕೇಳಿಸಿತು. "ಅಣ್ಣಾ, ಚಿಲ್ಲರೆ ಇಲ್ಲ, 1,200ಕ್ಕೆ ಸರಿ ಮಾಡಲೇ?" ಎಂದ ಬಂಕಿನ ಹುಡುಗ. ಆಗಲಿ ಎಂದು ತಲೆಯಾಡಿಸಿದವನು ನಾನೇ. ಆ 60 ರೂಪಾಯಿಗೆ ಬಂದ ಅರ್ಧ ಲೀಟರಿಗೂ ಹೆಚ್ಚು ಪೆಟ್ರೋಲನ್ನು ಅವನು ನಳಿಕೆಯನ್ನು ಸ್ವಲ್ಪ ಮೇಲಕ್ಕೆತ್ತಿ, ಹನಿ ಹನಿಯಾಗಿ, ಮುಚ್ಚಳ ಕೂರುವ ಅಂಚಿನವರೆಗೆ ತುಂಬಿಸಿದ. ಮುಚ್ಚಳ ಒತ್ತಿದಾಗ ಅದರ ಸುತ್ತ ತೆಳುವಾಗಿ ಪೆಟ್ರೋಲ್ ಉಕ್ಕಿತು. ಅವನು ಬಟ್ಟೆಯಿಂದ ಒರೆಸಿದ, ನಾನು ಹೊರಟೆ.

ಮಂಟಪದ ಮುಂದೆ ಕಾರುಗಳು ತುಂಬಿದ್ದವು. ಹಿಂಬದಿಗೆ ಹೋಗಿ ಬೇವಿನ ಮರದ ನೆರಳಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಪಕ್ಕದಲ್ಲಿ ಇನ್ನೂ ಐದಾರು ಬೈಕುಗಳಿದ್ದವು. ಬೈಕುಗಳ ಬುಡದಲ್ಲೇ ಒಂದು ತೆರೆದ ಮೋರಿ. ಅದು ಪಾತ್ರೆ ತೊಳೆಯುವ ಕಟ್ಟೆಯನ್ನು ಬಳಸಿಕೊಂಡು ಅಡುಗೆಯ ತಗಡಿನ ಚಪ್ಪರದ ಅಂಚಿನಲ್ಲಿ ಹರಿಯುತ್ತಿತ್ತು. ಚಪ್ಪರದಲ್ಲಿ ಮೂರು ಸೌದೆ ಒಲೆಗಳು ಉರಿಯುತ್ತಿದ್ದವು. ನನ್ನ ಬೈಕಿಗೂ ಮೊದಲ ಒಲೆಗೂ ಹತ್ತು ಹನ್ನೆರಡು ಹೆಜ್ಜೆ ದೂರ. ಇಷ್ಟನ್ನೂ ಕಣ್ಣಾರೆ ನೋಡಿದ್ದೆ. ಅಪಾಯ ಎಂದು ಮಾತ್ರ ಹೊಳೆಯಲಿಲ್ಲ.

ನೆರಳು ಹತ್ತು ಗಂಟೆಗೆಲ್ಲ ಸರಿದುಹೋಗಿತ್ತು. ಅಂದು 38 ಡಿಗ್ರಿಯ ಆಸುಪಾಸಿನ ಬಿಸಿಲು, ನನ್ನದು ಕಪ್ಪು ಟ್ಯಾಂಕು. ಹನ್ನೊಂದೂವರೆಗೆ ಹಿಂಬದಿಗೆ ಹೋದಾಗ ಪೆಟ್ರೋಲ್ ವಾಸನೆ ಬಂತು. ಜನರೇಟರಿನದಿರಬೇಕು ಎಂದುಕೊಂಡು ಒಳಗೆ ಹೋದೆ. ಆ ಒಂದು ನಿಮಿಷ ಬಗ್ಗಿ ನೋಡಿದ್ದರೆ ಸಾಕಿತ್ತು ಎಂದು ಇವತ್ತಿಗೂ ರಾತ್ರಿ ಮಲಗಿದಾಗ ಅನ್ನಿಸುತ್ತದೆ.

ಹನ್ನೆರಡೂವರೆ. ಮೊದಲ ಪಂಕ್ತಿಗೆ ಎಲೆ ಹಾಕಿದ್ದರು, ಹೋಳಿಗೆ ಬಡಿಸುತ್ತಿದ್ದರು. ಹಿಂದಿನಿಂದ ಭಗ್ ಎಂಬ ಸದ್ದು ಬಂತು. ಸಿಡಿತವಲ್ಲ, ದೊಡ್ಡ ಬಟ್ಟೆಯೊಂದನ್ನು ಗಾಳಿಗೆ ಒದರಿದಂತಹ ಸದ್ದು. ಓಡಿ ಹೋಗಿ ನೋಡಿದರೆ ಮೋರಿಯ ಉದ್ದಕ್ಕೂ ಮೊಣಕಾಲೆತ್ತರದ ಬೆಂಕಿ. ಹುಡುಗ ಮೋರಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹಂಡೆ ಉಜ್ಜುತ್ತಿದ್ದನಂತೆ. ಬೆಂಕಿ ಒಲೆಯ ಕಡೆಯಿಂದ ಹೊರಟು, ಅವನ ಕಾಲನ್ನು ಹಾದು, ನನ್ನ ಬೈಕಿನವರೆಗೆ ಒಂದೇ ಉಸಿರಿಗೆ ಬಂದಿತ್ತು. ಯಾರೋ ಗಾಬರಿಯಲ್ಲಿ ಒಂದು ಬಕೆಟ್ ನೀರು ಎರಚಿದರು. ಬೆಂಕಿ ಆರಲಿಲ್ಲ, ನೀರಿನ ಮೇಲೆ ತೇಲಿಕೊಂಡು ಪಕ್ಕದ ಬೈಕಿನ ಚಕ್ರದವರೆಗೆ ಹೋಯಿತು. ಪೆಟ್ರೋಲ್ ನೀರಿಗಿಂತ ಹಗುರ, ಅದರ ಮೇಲೆ ತೇಲುತ್ತಲೇ ಉರಿಯುತ್ತದೆ. ಅಡುಗೆಯ ಹಿರಿಯರು "ನೀರು ಬೇಡ, ಮರಳು ತನ್ನಿ" ಎಂದು ಕೂಗಿ, ನೆನೆದ ಗೋಣಿಚೀಲವನ್ನು ಹುಡುಗನ ಕಾಲಿಗೆ ಸುತ್ತಿದರು. ಪಕ್ಕದ ಕಟ್ಟಡದ ಕೆಲಸಕ್ಕೆ ಸುರಿದಿದ್ದ ಮರಳನ್ನು ಬಾಣಲೆಗಳಲ್ಲಿ ತಂದು ಸುರಿದ ಮೇಲೆ ಬೆಂಕಿ ನಂದಿತು. ಎಲ್ಲ ಮೂರು ನಾಲ್ಕು ನಿಮಿಷದ ಮಾತು.

ಹುಡುಗನ ಎಡಗಾಲು ಹಿಮ್ಮಡಿಯಿಂದ ಮೊಣಕಾಲಿನವರೆಗೆ ಬೆಂದಿತ್ತು. ಒಬ್ಬರು ಟೂತ್‌ಪೇಸ್ಟ್ ತಂದರು, ಇನ್ನೊಬ್ಬರು ಹಿಟ್ಟು ಹಚ್ಚಿ ಎಂದರು. ನರ್ಸಿಂಗ್ ಓದುತ್ತಿರುವ ನಮ್ಮ ಸಂಬಂಧಿಕರ ಹುಡುಗಿ ಎಲ್ಲರನ್ನೂ ಗದರಿಸಿ, ನಲ್ಲಿಯ ಕೆಳಗೆ ಅವನ ಕಾಲಿಟ್ಟು 20 ನಿಮಿಷ ತಣ್ಣೀರು ಬಿಟ್ಟಳು. ಅಂಟಿಕೊಂಡಿದ್ದ ಪ್ಯಾಂಟಿನ ಬಟ್ಟೆಯನ್ನು ಕೀಳಲು ಬಿಡಲಿಲ್ಲ. ಆಸ್ಪತ್ರೆಯ ವೈದ್ಯರು ಮೊದಲು ಕೇಳಿದ್ದೇ ಏನು ಹಚ್ಚಿದ್ದೀರಿ ಎಂದು. ಏನೂ ಇಲ್ಲ, ಬರೀ ನೀರು ಎಂದಾಗ ಒಳ್ಳೆಯದಾಯಿತು ಎಂದರು.

ನಾಲ್ಕು ದಿನದ ನಂತರ, ಸೀಟು ಸುಟ್ಟು ವೈರಿಂಗ್ ಕರಗಿದ್ದ ಬೈಕನ್ನು ನೂಕಿಕೊಂಡು ನನ್ನ ಹಳೆಯ ಮೆಕ್ಯಾನಿಕ್ ಬಳಿಗೆ ಹೋದೆ. ಅವರು ಟ್ಯಾಂಕಿನ ಮುಚ್ಚಳ ತೆಗೆದು, ಮುಚ್ಚಳ ಕೂರುವ ತಟ್ಟೆಯಲ್ಲಿದ್ದ ಕಡ್ಡಿ ಗಾತ್ರದ ಒಂದು ತೂತನ್ನು ತೋರಿಸಿದರು. ಹನ್ನೊಂದು ವರ್ಷದಿಂದ ಆ ಗಾಡಿ ಓಡಿಸುತ್ತಿದ್ದೇನೆ, ಅದನ್ನು ನೋಡಿಯೇ ಇರಲಿಲ್ಲ. ಒಂದು ಲೋಟ ನೀರನ್ನು ಅದಕ್ಕೆ ಸುರಿದರು. ನೀರು ಟ್ಯಾಂಕಿನ ಒಳಗಿನಿಂದ ಹಾದುಹೋದ ಸಣ್ಣ ಕೊಳವೆಯಲ್ಲಿ ಇಳಿದು, ಸೈಡ್ ಸ್ಟ್ಯಾಂಡಿನ ಹತ್ತಿರ ನೆಲಕ್ಕೆ ತೊಟ್ಟಿಕ್ಕಿತು. ಮಳೆ ನೀರೂ ಉಕ್ಕಿದ ಪೆಟ್ರೋಲೂ ಬಿಸಿ ಇಂಜಿನ್ನಿನ ಮೇಲೆ ಬೀಳದೆ ಕೆಳಗಿಳಿಯಲಿ ಎಂದು ಕಂಪನಿಯವರೇ ಮಾಡಿರುವ ದಾರಿ ಅದು. ಮುಚ್ಚಳದಲ್ಲೂ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ನನ್ನ ಮುಚ್ಚಳದ ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟಿತ್ತು. ಉಬ್ಬಿದ ಪೆಟ್ರೋಲ್ ಆ ಬಿರುಕುಗಳಲ್ಲಿ ಹೊರಬಂದು, ಕೊಳವೆಯಲ್ಲಿ ಇಳಿದು, ಮೋರಿಗೆ ಬಿದ್ದಿತ್ತು. ಕೆಲವು ಗಾಡಿಗಳಲ್ಲಿ ಸರ್ವಿಸಿಗೆ ಟ್ಯಾಂಕು ಬಿಚ್ಚಿದವರು ಈ ಪೈಪನ್ನು ಮತ್ತೆ ಸಿಕ್ಕಿಸುವುದನ್ನೇ ಮರೆಯುತ್ತಾರೆ. ಆಗ ಪೆಟ್ರೋಲ್ ನೇರವಾಗಿ ಇಂಜಿನ್ನಿನ ಮೇಲೆ ಬೀಳುತ್ತದೆ ಎಂದರು ಅವರು. ನಿಮ್ಮ ಗಾಡಿಯಲ್ಲಿ ಅದು ಸಿಕ್ಕಿಸಿದೆಯೇ, ಮಣ್ಣು ಕಟ್ಟಿದೆಯೇ ಎಂದು ಇವತ್ತೇ ನೋಡಿ.

ಉಬ್ಬುವುದು ಎಂದರೆ ಎಷ್ಟು? ನಾನು ಲೆಕ್ಕ ಹಾಕಿದೆ. ಪೆಟ್ರೋಲ್ ಪ್ರತಿ ಡಿಗ್ರಿಗೆ ಸುಮಾರು ಸಾವಿರಕ್ಕೆ ಒಂದು ಪಾಲಿನಷ್ಟು ಹಿಗ್ಗುತ್ತದೆ. ಬಂಕಿನಲ್ಲಿ ಅದು ನೆಲದಡಿಯ ಟ್ಯಾಂಕಿನಿಂದ ತಂಪಾಗಿ ಬರುತ್ತದೆ. 13 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು ಕಾಲು ಲೀಟರ್ ಹೆಚ್ಚುತ್ತದೆ. ಲೋಹದ ಟ್ಯಾಂಕು ಅಷ್ಟು ಹಿಗ್ಗುವುದಿಲ್ಲ. ಜಾಗವಿಲ್ಲದ ಕಾಲು ಲೀಟರ್ ಹೊರಗೆ ಬರಲೇಬೇಕು. ಇದರ ಮೇಲೆ ಸೈಡ್ ಸ್ಟ್ಯಾಂಡಿನ ಪಾಲೂ ಇದೆ. ಗಾಡಿ ಎಡಕ್ಕೆ ವಾಲಿದಾಗ ಟ್ಯಾಂಕಿನ ಬಲಭಾಗ ಮುಚ್ಚಳಕ್ಕಿಂತ ಎತ್ತರವಾಗುತ್ತದೆ. ಉಳಿದ ಚೂರು ಗಾಳಿ, ಆವಿ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಮುಚ್ಚಳದ ಅಡಿಯಲ್ಲಿರುವುದು ಬರೀ ಪೆಟ್ರೋಲ್. ಬಿಸಿಲೇರಿದಂತೆ ಸಿಕ್ಕಿಕೊಂಡ ಗಾಳಿ, ಆವಿ ಹಿಗ್ಗಿ ಪೆಟ್ರೋಲನ್ನು ಮುಚ್ಚಳದ ಕಡೆಗೆ ತಳ್ಳುತ್ತವೆ. ಗಾಡಿ ನೇರವಾಗಿ ನಿಂತಿದ್ದರೆ ಮುಚ್ಚಳದ ರಂಧ್ರದಿಂದ ಹೋಗುವುದು ಹೆಚ್ಚಾಗಿ ಆವಿ. ವಾಲಿ ನಿಂತರೆ ದ್ರವವೇ ಹೋಗುತ್ತದೆ. ಡಬಲ್ ಸ್ಟ್ಯಾಂಡ್ ಇದ್ದವರು ಅದನ್ನೇ ಹಾಕಿ.

ಹೊರಬಿದ್ದ ಪೆಟ್ರೋಲ್ ಬಿಸಿ ಸಿಮೆಂಟಿನ ಮೇಲೆ ಕಣ್ಣಿಗೆ ಕಾಣದಂತೆ ಆರಿಹೋಗುತ್ತದೆ, ಹಾಗಾಗಿ ಏನೂ ಆಗಿಲ್ಲ ಎನ್ನಿಸುತ್ತದೆ. ಅದರ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರುವುದಿಲ್ಲ, ತಗ್ಗು ಹುಡುಕಿಕೊಂಡು ಹರಿಯುತ್ತದೆ. ನಮ್ಮ ಮೋರಿ ಅದಕ್ಕೆ ಹೇಳಿ ಮಾಡಿಸಿದ ಹಾಸಿಗೆಯಾಗಿತ್ತು. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಪೆಟ್ರೋಲ್ ಆವಿ ಬೆರೆತರೆ ಹೊತ್ತಿಕೊಳ್ಳಲು ಸಾಕು. ಬೆಂಕಿ ಹನ್ನೆರಡು ಹೆಜ್ಜೆ ದೂರದಲ್ಲಿದೆಯಲ್ಲ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ನಮ್ಮೂರಿನಲ್ಲಿ ಬೆಣ್ಣೆ ದೋಸೆಯ ಸೌದೆ ಒಲೆ, ಮಿರ್ಚಿ ಗಾಡಿಯ ಸ್ಟವ್, ಮಂಡಕ್ಕಿ ಭಟ್ಟಿ ಎಲ್ಲವೂ ಬೈಕು ನಿಲ್ಲಿಸುವ ಜಾಗದ ಮಗ್ಗುಲಲ್ಲೇ ಇವೆ. ಬೀಡಿ ಸೇದುವವರಂತೂ ಇದ್ದೇ ಇರುತ್ತಾರೆ.

ಒಂದು ವಿಷಯ ಸ್ಪಷ್ಟವಾಗಿರಲಿ. ಬೇಸಿಗೆ ಬಂದರೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: ಫುಲ್ ಟ್ಯಾಂಕ್ ಮಾಡಿಸಿದರೆ ಗಾಡಿ ಸ್ಫೋಟಿಸುತ್ತದೆ, ಅರ್ಧ ಟ್ಯಾಂಕ್ ಮಾತ್ರ ಹಾಕಿಸಿ, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗ್ಯಾಸ್ ಬಿಡಿ ಎಂದು. ಇದು ಸುಳ್ಳು. ಗಾಡಿ ತಯಾರಿಸಿದವರು ಹೇಳಿದ ಮಿತಿಯವರೆಗೆ ತುಂಬಿಸುವುದು ಬೇಸಿಗೆಯಲ್ಲೂ ಸುರಕ್ಷಿತ ಎಂದು ಇಂಡಿಯನ್ ಆಯಿಲ್ ಸಂಸ್ಥೆಯೇ ಹೇಳಿದೆ. ದಯವಿಟ್ಟು ನನ್ನ ಕಥೆಯನ್ನು ಆ ಸಂದೇಶದ ಜೊತೆ ಸೇರಿಸಿ ಹಂಚಬೇಡಿ. ನನ್ನ ಟ್ಯಾಂಕು ಸಿಡಿಯಲಿಲ್ಲ, ಸೋರಿತು. ಮಿತಿ ಎಂದರೆ ಟ್ಯಾಂಕಿನ ಬಾಯಿಂದ ಒಳಗೆ ಇಳಿದಿರುವ ಕುತ್ತಿಗೆಯ ಕೆಳಗಿನ ಅಂಚು. ಅದರ ಮೇಲಿನ ಜಾಗ ಪೆಟ್ರೋಲ್ ಹಿಗ್ಗಲಿ ಎಂದು ಬಿಟ್ಟದ್ದು. ನಾನು 60 ರೂಪಾಯಿ ಕೊಟ್ಟು ತುಂಬಿಸಿದ್ದು ಆ ಜಾಗವನ್ನೇ. ಬಿಸಿಲಿನಲ್ಲಿ ಮುಚ್ಚಳ ತೆಗೆದು ಗ್ಯಾಸ್ ಬಿಡುವುದಂತೂ ಬೇಡವೇ ಬೇಡ, ಆವಿಯೆಲ್ಲ ನಿಮ್ಮ ಮುಖಕ್ಕೇ ಬರುತ್ತದೆ. ಆದರೆ ಬಂಕಿನಲ್ಲಿ ಮುಚ್ಚಳ ತೆಗೆದಾಗ ಬುಸ್ಸೆಂದು ಜೋರಾಗಿ ಸದ್ದು ಬಂದರೆ, ಅಥವಾ ಓಡುತ್ತಿರುವ ಗಾಡಿ ಪೆಟ್ರೋಲ್ ಇದ್ದರೂ ನಿಂತು, ಮುಚ್ಚಳ ತೆಗೆದ ಮೇಲೆ ಮತ್ತೆ ಶುರುವಾದರೆ, ಗಾಳಿಯ ರಂಧ್ರ ಕಟ್ಟಿರಬಹುದು. ಮೆಕ್ಯಾನಿಕ್‌ಗೆ ತೋರಿಸಿ.

2020ರ ಏಪ್ರಿಲ್ ನಂತರ ಬಂದ, ಮಾಲಿನ್ಯ ತಡೆಯುವ ಬಿ.ಎಸ್. 6 ನಿಯಮದ ಗಾಡಿ ನನ್ನದು, ಚಿಂತೆಯಿಲ್ಲ ಎನ್ನುವವರಿಗೂ ಒಂದು ಮಾತು. ಅದರಲ್ಲಿ ಆವಿಯನ್ನು ಹೀರಿಕೊಳ್ಳಲು ಇದ್ದಿಲು ತುಂಬಿದ ಡಬ್ಬಿ ಇರುತ್ತದೆ. ಕುತ್ತಿಗೆಯವರೆಗೆ ತುಂಬಿಸಿದರೆ ಆವಿಯ ಬದಲು ಪೆಟ್ರೋಲೇ ಅದಕ್ಕೆ ನುಗ್ಗಿ ಡಬ್ಬಿ ಕೆಡುತ್ತದೆ. ಹಳೆಯ ಕಾರ್ಬೊರೇಟರ್ ಗಾಡಿಗಳ ಸೋರಿಕೆ ಇನ್ನೊಂದು ಬಗೆಯದು: ಕಾರ್ಬೊರೇಟರಿಗೆ ಹೆಚ್ಚು ಪೆಟ್ರೋಲ್ ಬರದಂತೆ ತಡೆಯುವ ಫ್ಲೋಟ್ ಪಿನ್ ಸವೆದರೆ ನೆರಳಿನಲ್ಲೂ ಸೋರುತ್ತದೆ, ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಆಫ್ ಮಾಡಿದರೆ ನಿಲ್ಲುತ್ತದೆ.

ನಿಲ್ಲಿಸಿದ ಗಾಡಿಯ ಕೆಳಗೆ ತೇವ ಕಂಡರೆ, ವಾಸನೆ ಬಂದರೆ, ಕೀ ತಿರುಗಿಸಬೇಡಿ, ಕಿಕ್ ಹೊಡೆಯಬೇಡಿ. ಸುತ್ತಲಿನವರಿಗೆ ಹೇಳಿ, ಒಲೆ, ಬೀಡಿ ನಂದಿಸಿ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನೂಕಿಕೊಂಡು ನೆರಳಿಗೆ, ಮೋರಿಯಿಂದ ದೂರ ತಂದು ನೇರವಾಗಿ ನಿಲ್ಲಿಸಿ. ಬಿದ್ದ ಪೆಟ್ರೋಲಿನ ಮೇಲೆ ಮರಳೋ ಮಣ್ಣೋ ಹಾಕಿ. ಇವೆಲ್ಲ ನಂತರದ ಮಾತು. ಬಂಕಿನಲ್ಲಿ ನಳಿಕೆ ಕಟ್ ಎಂದ ಕೂಡಲೇ "ಸಾಕು" ಎನ್ನಿ. ಚಿಲ್ಲರೆ ಇಲ್ಲದಿದ್ದರೆ ಮೊಬೈಲಿನಲ್ಲಿ ಕಳಿಸಿ. ತುಂಬ ಹಾಕಿಸಲೇಬೇಕಿದ್ದರೆ ದೂರ ಹೊರಡುವ ಮುನ್ನ ಹಾಕಿಸಿ. ಓಡಿದಂತೆ ಒಳಗೆ ಜಾಗವಾಗುತ್ತದೆ. ನಾನು ಸಂಜೆ ಚಿತ್ರದುರ್ಗಕ್ಕೆ ಹೊರಡುವಾಗ ಹಾಕಿಸಿದ್ದರೆ ಭರಮಸಾಗರ ದಾಟುವಷ್ಟರಲ್ಲಿ ಅರ್ಧ ಲೀಟರಾದರೂ ಖಾಲಿಯಾಗಿರುತ್ತಿತ್ತು.

ಹುಡುಗ ಹರಿಹರದ ಹತ್ತಿರದ ಹಳ್ಳಿಯವನು. ಅವನ ತಾಯಿ ನನ್ನನ್ನು ಬೈಯಲಿಲ್ಲ. "ಕಾಲು ಉಳಿಯುತ್ತದೆ ಅಲ್ಲವೇನಪ್ಪಾ" ಎಂದಷ್ಟೇ ಕೇಳಿದರು. ಆಸ್ಪತ್ರೆಯ ಖರ್ಚನ್ನೂ ಅವನ ಎರಡು ತಿಂಗಳ ಕೂಲಿಯನ್ನೂ ನಾನು, ಭಾವ ಸೇರಿ ಕೊಡುತ್ತಿದ್ದೇವೆ. ದಿನ ಬಿಟ್ಟು ದಿನ ಡ್ರೆಸಿಂಗ್ ಇದೆ. ಗಾಯಕ್ಕೆ ಅಂಟಿದ ಗಾಜ್ ಬಟ್ಟೆ ಬಿಡಿಸುವಾಗ ಅವನು ನನ್ನ ಮುಂಗೈ ಹಿಡಿದುಕೊಳ್ಳುತ್ತಾನೆ. ನಾಳೆ ಮತ್ತೆ ಹೋಗಬೇಕು. ಬೈಕಿನ ಸದ್ದು ಹತ್ತಿರ ಬಂದರೆ ಇನ್ನೂ ಬೆಚ್ಚುತ್ತಾನೆ, ಅದಕ್ಕೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ.